ಓಡದೆ ಗೆಲ್ಲುವ ಹನ್ನೆರಡು ಸುತ್ತು

ಬೇಸಿಗೆ ಬಂತೆಂದರೆ ನಮ್ಮ ಬಡಾವಣೆಯ ಹಿಂದಿನ ಗುಡ್ಡಕ್ಕೆ ಬೆಂಕಿ ಬೀಳುವುದು ತಪ್ಪಿದ್ದಲ್ಲ. ಯಾರೋ ಬೀಡಿ ಎಸೆದರು ಅನ್ನುತ್ತಾರೆ, ಯಾರೋ ಕಸ ಸುಟ್ಟರು ಅನ್ನುತ್ತಾರೆ. ಕಾರಣ ಯಾವುದೇ ಇರಲಿ, ಮೊಣಕಾಲೆತ್ತರದ ಒಣಹುಲ್ಲಿಗೆ ಒಂದು ಕಿಡಿ ಸಾಕು. ಹೊಗೆ ಕಂಡದ್ದೇ ತಡ, ಇಡೀ ಬೀದಿ ಎದ್ದು ನಿಲ್ಲುತ್ತದೆ. ಒಬ್ಬರ ಕೈಯಲ್ಲಿ ಬಕೆಟ್ಟು, ಇನ್ನೊಬ್ಬರ ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ, ಎಲ್ಲರ ಕಾಲಲ್ಲೂ ಹವಾಯಿ ಚಪ್ಪಲಿ. "ಬನ್ರೋ, ಬನ್ರೋ!" ಎಂದು ಕೂಗುತ್ತಾ ಎಲ್ಲರೂ ಓಡುವವರೇ.

ಹೋದ ವರ್ಷ ಎಲ್ಲರಿಗಿಂತ ಮುಂದೆ ಓಡಿದವನು ಜಾಕಿ.

ಜಾಕಿ ಮಾರುಕಟ್ಟೆಯಲ್ಲಿ ಹಮಾಲಿ. ಲಾರಿಯಿಂದ ಐವತ್ತು ಕಿಲೋ ಮೂಟೆಯನ್ನು ತಲೆಗೇರಿಸಿಕೊಂಡು ಒಂದೇ ಉಸಿರಿಗೆ ಗೋದಾಮಿಗೆ ಮುಟ್ಟಿಸುವ ಆಳು. ಒಮ್ಮೆ ಪಂಕ್ಚರಾದ ತಳ್ಳುಗಾಡಿಯನ್ನು ಸರಕಿನ ಸಮೇತ ಹೆಗಲಲ್ಲೇ ಎತ್ತಿ ಹಿಡಿದನಂತೆ. ಅಂದಿನಿಂದ ಜಾಕಿ ಅನ್ನುವುದೇ ಹೆಸರಾಯಿತು. ಅಂಥವನು ಗುಡ್ಡದ ಅರ್ಧಕ್ಕೆ ಹೋಗುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿದು, ಎದೆ ಹಿಡಿದುಕೊಂಡು ಕೂತೇಬಿಟ್ಟ. ಬೆಂಕಿ ಆರಿಸಲು ಹೋದವರಲ್ಲಿ ನಾಲ್ವರು ಅವನನ್ನು ಹೊತ್ತು ಇಳಿಸಬೇಕಾಯಿತು. ಅಷ್ಟು ಹೊತ್ತಿಗೆ ಎಡಮಗ್ಗುಲ ಬೆಂಕಿ ಕೇಳುವವರಿಲ್ಲದೆ ಕೆಳಗಿಳಿದು, ಕೊನೇ ಸಾಲಿನ ಬಡಗಿಯ ಶೆಡ್ಡನ್ನು ಮರಮುಟ್ಟಿನ ಸಮೇತ ನುಂಗಿತು.

"ಚಪ್ಪಲಿ ಕಿತ್ತೋಯ್ತು, ಅದಕ್ಕೇ ಕೂತೆ" ಎಂದು ಜಾಕಿ ಊರಿಗೆಲ್ಲ ಹೇಳಿದ. ಆದರೆ ಬಡಗಿ ಎದುರಿಗೆ ಬಂದರೆ ಮಾತ್ರ ಪಕ್ಕದ ಸಂದಿಗೆ ತಿರುಗಿಕೊಳ್ಳುತ್ತಿದ್ದ.

ಈ ವರ್ಷ ಬೇಸಿಗೆಗೆ ನಾಲ್ಕು ತಿಂಗಳು ಇರುವಾಗಲೇ ನೀರಿನ ಟ್ಯಾಂಕಿನ ಗೋಡೆಗೆ ಒಂದು ನೋಟೀಸು ಅಂಟಿತು. ಗುಡ್ಡದ ಬೆಂಕಿ ತಂಡಕ್ಕೆ ಸ್ಥಳೀಯರೇ ಹನ್ನೆರಡು ಜನ ಬೇಕು. ಸಂಬಳ, ಬೂಟು, ಬಟ್ಟೆ, ತರಬೇತಿ ಎಲ್ಲ ಉಂಟು. ಆದರೆ ಮೊದಲು ಡಾಕ್ಟರ ತಪಾಸಣೆ, ಆಮೇಲೆ ನಡಿಗೆ ಪರೀಕ್ಷೆ.

ನೋಟೀಸು ಅಂಟಿಸಿದವಳು ನಮ್ಮ ಪೋಸ್ಟಕ್ಕ. ಹದಿನೈದು ವರ್ಷದಿಂದ ಮನೆಮನೆಗೆ ನಡೆದೇ ಕಾಗದ ಹಂಚುವ ಹೆಂಗಸು. ಗಾಳಿ ಜೋರಾಗಿ ಬೀಸಿದರೆ ಹಾರಿಹೋದಾಳು ಅನ್ನುವಷ್ಟು ಸಣಕಲು. ಹೋದ ಬೇಸಿಗೆಯಲ್ಲಿ ರಜೆ ಹಾಕಿ ಪಕ್ಕದೂರಿನ ಬೆಂಕಿ ತಂಡದಲ್ಲಿ ದುಡಿದು ಬಂದಿದ್ದಳು. ಈ ಸಲ ನಮ್ಮ ತಂಡಕ್ಕೆ ಅವಳೇ ಮುಂದಾಳು.

ಜಾಕಿ ನೋಟೀಸು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನ್ ಪೋಸ್ಟಕ್ಕ, ಬೆಂಕಿ ಆರಿಸೋಕೂ ಪರೀಕ್ಷೆನಾ? ನಾನು ಪಾಸೋ ಫೇಲೋ ಅಂತ ಬೆಂಕಿಗೇನು ಗೊತ್ತಾಗುತ್ತೆ?"

"ಗೊತ್ತಾಗುತ್ತೆ ಜಾಕಿಯಣ್ಣ. ನಮಗಿಂತ ಮೊದಲು ಅದಕ್ಕೇ ಗೊತ್ತಾಗೋದು."

"ಸರಿ, ಏನಿದೆ ಪರೀಕ್ಷೇಲಿ?"

"ಶಾಲೆ ಮೈದಾನದಲ್ಲಿ ಹನ್ನೆರಡು ಸುತ್ತು. ಐದು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಬೆನ್ನಿಗೆ ಇಪ್ಪತ್ತು ಕಿಲೋ ಚೀಲ. ನಲವತ್ತೈದು ನಿಮಿಷದೊಳಗೆ ಮುಗಿಸಬೇಕು."

"ಇಪ್ಪತ್ತು ಕಿಲೋನಾ! ಅಷ್ಟನ್ನ ನಾನು ಟೋಪಿ ಥರ ಹಾಕ್ಕೊಂಡಿರ್ತೀನಿ. ನಲವತ್ತೈದು ಯಾಕೆ, ಇಪ್ಪತ್ತೈದೇ ನಿಮಿಷಕ್ಕೆ ಓಡಿ ಮುಗಿಸ್ತೀನಿ."

"ಓಡೋ ಹಾಗಿಲ್ಲ."

"ಆಂ?"

"ನಡೀಬೇಕು ಅಷ್ಟೆ. ಯಾವಾಗಲೂ ಒಂದು ಕಾಲು ನೆಲದ ಮೇಲಿರಬೇಕು. ಓಡಿದ್ರೆ ಒಂದು ಸಲ ಎಚ್ಚರಿಕೆ, ಎರಡನೇ ಸಲ ಹೊರಗೆ."

ಜಾಕಿಗೆ ಇದು ಅರ್ಥವೇ ಆಗಲಿಲ್ಲ. ಪೋಸ್ಟಕ್ಕ ಕೇಳಿದಳು, "ಅಣ್ಣ, ಲಾರಿಯಿಂದ ಗೋದಾಮಿಗೆ ಎಷ್ಟು ಹೆಜ್ಜೆ?"

"ಮೂವತ್ತು."

"ಆಮೇಲೆ?"

"ಆಮೇಲೇನು, ಮೂಟೆ ಒಗೆದು ಖಾಲಿ ಕೈಲಿ ವಾಪಸ್ಸು."

"ಗುಡ್ಡದಲ್ಲಿ ಮೂಟೆ ಒಗೆಯೋಕೆ ಗೋದಾಮಿಲ್ಲ ಅಣ್ಣ. ಕುಡಿಯೋ ನೀರು, ಗುದ್ದಲಿ, ಕತ್ತಿ, ಎಲ್ಲ ದಿನಪೂರ್ತಿ ನಿನ್ನ ಮೈಮೇಲೇ."

ಮನೆಯಲ್ಲಿ ಜಾಕಿಗಿಂತ ಹೆಚ್ಚು ಸಿಟ್ಟು ಬಂದದ್ದು ಅವನ ತಾಯಿಗೆ. ಬೆಳಿಗ್ಗೆ ಕೇಳಿದ ಸುದ್ದಿ ಮಧ್ಯಾಹ್ನಕ್ಕೆ ಊರೆಲ್ಲ ಮುಟ್ಟಿಸುವುದರಿಂದ ಬೀದಿಯವರು ಆಕೆಯನ್ನು ರೇಡಿಯೋ ಅಜ್ಜಿ ಅನ್ನುತ್ತಾರೆ. "ನನ್ನ ಮಗ ಹುಟ್ಟಿದಾಗಲೇ ನಾಲ್ಕು ಕಿಲೋ ಇದ್ದ! ಅವನಿಗೆ ಪರೀಕ್ಷೆಯಂತೆ! ಇಟ್ಟವರು ಯಾರು? ಆ ಒಣಕಲು ಪೋಸ್ಟಕ್ಕ!" ಎಂದು ಬಾಗಿಲಲ್ಲೇ ಪ್ರಸಾರ ಶುರುಮಾಡಿದಳು.

ಜಾಕಿಯ ಹೆಂಡತಿ ಮಾತ್ರ ತನ್ನ ಕೆಲಸ ನೋಡಿಕೊಂಡಳು. ಅವಳದು ಮನೆಯ ಮುಂದಿನ ಕೋಣೆಯಲ್ಲೇ ಇಸ್ತ್ರಿ ಅಂಗಡಿ. ಬಟ್ಟೆ ಯಾರದೇ ಆಗಲಿ, ಪೆಟ್ಟಿಗೆ ಇಡುವ ಮೊದಲು ಜೇಬು ತಡವಿ ನೋಡುವುದು ಅವಳ ಅಭ್ಯಾಸ. ಎರಡು ದಿನ ಬಿಟ್ಟು ಗಂಡನ ಅಂಗಿಯ ಜೇಬು ತಡವಿದಾಗ ತಂಡದ ಅರ್ಜಿ ಸಿಕ್ಕಿತು. ಆರೋಗ್ಯದ ಪ್ರಶ್ನೆಗಳ ಮುಂದೆಲ್ಲ ಜಾಕಿ ದಪ್ಪ ಅಕ್ಷರದಲ್ಲಿ 'ಇಲ್ಲ' 'ಇಲ್ಲ' ಎಂದು ಬರೆದಿದ್ದ. ಕೆಲಸ ಮಾಡುವಾಗ ತಲೆಸುತ್ತು ಬಂದಿದೆಯೇ? ಇಲ್ಲ. ಎದೆ ಹಿಡಿದಂತೆ ಆಗಿದೆಯೇ? ಇಲ್ಲ.

ಅವಳು ಪೆಟ್ಟಿಗೆಯನ್ನು ಬದಿಗಿಟ್ಟಳು.

"ರೀ, ಇಲ್ಲಿ ಬನ್ನಿ. ಹೋದ ವರ್ಷ ಗುಡ್ಡದ ಮೇಲೆ ಆದದ್ದೇನು?"

"ಚಪ್ಪಲಿ..."

"ಆ ಚಪ್ಪಲಿ ಇನ್ನೂ ಬಾಗಿಲಲ್ಲಿದೆ. ಎರಡು ಬಾರೂ ಗಟ್ಟಿಯಾಗಿವೆ."

ಜಾಕಿ ಪಕ್ಕದ ಬಟ್ಟೆ ಗಂಟಿನ ಮೇಲೆ ಕುಸಿದು ಕೂತ. ಇಷ್ಟು ದಿನ ನುಂಗಿಕೊಂಡದ್ದು ಹೊರಗೆ ಬಂತು. "ನಾನು ಬೀಳದಿದ್ರೆ ಆ ನಾಲ್ಕು ಜನ ಎಡಗಡೆ ಬೆಂಕಿ ತಡೀತಿದ್ರು ಕಣೇ. ಬಡಗಿ ಶೆಡ್ಡು ನಾನೇ ಸುಟ್ಟ ಹಾಗಾಯ್ತು. ಈ ಸಲ ನನ್ನ ಕಾಲ ಮೇಲೆ ಹತ್ತಿ, ನನ್ನ ಕಾಲ ಮೇಲೇ ಇಳೀಬೇಕು. ನಿಜ ಬರೆದ್ರೆ ಬೇಡ ಅಂದುಬಿಟ್ರೆ?"

"ನಿಜ ಹೇಳಿದ್ರೆ ಸ್ವಲ್ಪ ತಡ ಆಗಬಹುದು" ಅಂದಳು ಹೆಂಡತಿ. "ಸುಳ್ಳು ಹೇಳಿದ್ರೆ, ಈ ಸಲ ಹೊತ್ತು ಇಳಿಸೋದು ಮನೆಗಲ್ಲ."

ಮರುದಿನ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋದರು. ಜಾಕಿ ಎಲ್ಲ ಹೇಳಿದ. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು, ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದರು. ನೂರ ಎಪ್ಪತ್ತರ ಮೇಲಿತ್ತು. ಎದೆಗೆ ತಂತಿ ಹಚ್ಚಿ ಇ.ಸಿ.ಜಿ.ಯನ್ನೂ ತೆಗೆಸಿದರು. ಪುಣ್ಯಕ್ಕೆ ಅದರಲ್ಲಿ ತೊಂದರೆ ಇರಲಿಲ್ಲ.

"ತೋಳು ಕಬ್ಬಿಣದ ಥರ ಇದೆ, ನಿಜ" ಅಂದರು ಡಾಕ್ಟರಮ್ಮ. "ಬಿ.ಪಿ. ತೋಳಲ್ಲಿ ಕಾಣಲ್ಲ. ಇಷ್ಟು ಬಿ.ಪಿ. ಇಟ್ಟುಕೊಂಡು ಬಿಸಿಲು, ಹೊಗೆ, ಏರು, ಭಾರ ಎಲ್ಲ ಒಟ್ಟಿಗೆ ಬಿದ್ರೆ ಹೃದಯಕ್ಕೆ ಏಟು ಬೀಳುತ್ತೆ. ದಿನಾ ತಪ್ಪದೆ ಮಾತ್ರೆ. ಊಟಕ್ಕೆ ಉಪ್ಪು ಕಮ್ಮಿ. ಬೀಡಿ ಇದ್ರೆ ಇವತ್ತೇ ಬಿಡಿ. ಖಾಲಿ ಕೈಲಿ ನಿಧಾನಕ್ಕೆ ನಡೀರಿ. ಮೂರು ವಾರ ಬಿಟ್ಟು ಬನ್ನಿ, ನಾನು ಹೇಳಿದ ಮೇಲೇ ಭಾರ."

ರೇಡಿಯೋ ಅಜ್ಜಿ ಆ ರಾತ್ರಿ ಸಾರಿನ ರುಚಿ ನೋಡಿ ಮುಖ ಸಿಂಡರಿಸಿದಳು. "ಇದೇನು ಸಾರೋ, ಕೈ ತೊಳೆದ ನೀರೋ?"

ಮೊದಲ ಪರೀಕ್ಷೆ ಜಾಕಿ ಇಲ್ಲದೆ ನಡೆದುಹೋಯಿತು. ಒಂಬತ್ತು ಜನ ಪಾಸಾದರು. ಉಳಿದದ್ದು ಮೂರೇ ಜಾಗ. ಎರಡನೇ ಪರೀಕ್ಷೆ ಎರಡೂವರೆ ತಿಂಗಳಿಗೆ ಎಂದು ನೋಟೀಸು ಬಂತು. ಮೂರು ವಾರದ ಮೇಲೆ ಬಿ.ಪಿ. ಹತೋಟಿಗೆ ಬಂದು ಡಾಕ್ಟರಮ್ಮ ಸಹಿ ಹಾಕಿದಾಗ, ಜಾಕಿ ಆ ಕಾಗದವನ್ನು ಬಾವುಟದಂತೆ ಹಿಡಿದುಕೊಂಡು ಪೋಸ್ಟಕ್ಕನ ಮನೆಗೆ ಓಡಿದ.

"ಇವತ್ತೇ ಇಪ್ಪತ್ತು ಕಿಲೋ ಹೊರಿಸು!"

"ಇವತ್ತು ಖಾಲಿ ಚೀಲ" ಅಂದಳು ಪೋಸ್ಟಕ್ಕ.

"ಖಾಲಿನಾ? ಮಾರ್ಕೆಟ್ಟಿನವರು ನೋಡಿದ್ರೆ ನಗ್ತಾರೆ!"

"ನಗಲಿ. ವಾರಕ್ಕೆ ನಾಲ್ಕು ದಿನ ನಡಿಗೆ. ಮೊದಲ ವಾರ ಖಾಲಿ ಚೀಲ. ಆಮೇಲೆ ವಾರಕ್ಕೆ ಮೂರೋ ನಾಲ್ಕೋ ಕಿಲೋ ಏರಿಸೋಣ. ಮಧ್ಯೆ ಮಧ್ಯೆ ವಿಶ್ರಾಂತಿ. ಮೈ ಗಟ್ಟಿಯಾಗೋದು ವಿಶ್ರಾಂತೀಲಿ ಅಣ್ಣ, ದುಡಿಮೇಲಿ ಅಲ್ಲ. ಚೀಲಕ್ಕೆ ಮರಳು ಬೇಡ, ನೀರಿನ ಬಾಟಲಿ ತುಂಬಿಸು. ದಾರೀಲಿ ಮೊಣಕಾಲು ನೋವಾದ್ರೆ ಚೆಲ್ಲಿ ಹಗುರ ಮಾಡ್ಕೋಬಹುದು. ಚಪ್ಪಲಿ ಬೇಡ. ಕಾಲುಗಂಟು ಮುಚ್ಚೋ ಬೂಟು ಹಾಕ್ಕೊಂಡೇ ಅಭ್ಯಾಸ ಮಾಡು, ಪರೀಕ್ಷೆ ದಿನ ಹೊಸ ಬೂಟು ಹಾಕಿದ್ರೆ ಬೊಬ್ಬೆ ಗ್ಯಾರಂಟಿ."

"ಎಷ್ಟು ಜೋರಾಗಿ ನಡೀಬೇಕು?"

"ನಡೀತಾ ನಡೀತಾ ಮಾತಾಡೋಕೆ ಆಗಬೇಕು. ಮಾತು ಬಂದ್ ಆದ್ರೆ ವೇಗ ಜಾಸ್ತಿಯಾಯ್ತು ಅಂತ ಲೆಕ್ಕ."

ಮಾತಾಡಲು ಜೊತೆ ಬೇಕಲ್ಲ? ಹೆಂಡತಿ ಹೊರಟಳು. ಬೆಳಕು ಹರಿಯುವ ಹೊತ್ತಿಗೆ ಗಂಡ ಹೆಂಡತಿ ಮೈದಾನ ಸುತ್ತುವುದು, ಮನೆ ಖರ್ಚು, ಅತ್ತೆಯ ಮಾತು, ಪಕ್ಕದ ಮನೆಯ ಕೋಳಿ ಎಲ್ಲ ಮಾತಾಡುವುದು. ನಾಲ್ಕನೇ ದಿನ ಅವಳೂ ಒಂದು ಚೀಲ ಬೆನ್ನಿಗೇರಿಸಿದಳು.

"ನಿನಗ್ಯಾಕೇ ಇದು?"

"ದಿನಕ್ಕೆ ಎಂಟು ಗಂಟೆ ಕೆಂಡದ ಪೆಟ್ಟಿಗೆ ಮುಂದೆ ನಿಂತಿರೋಳು ನಾನು. ಬಿಸಿ ನನಗೆ ಹೊಸದಾ? ಡಾಕ್ಟರಮ್ಮನ ಸಹಿ ನಿನ್ನೇನೇ ಆಯ್ತು. ಜಾಗ ಮೂರಿದೆ. ಒಂದು ನಿಮಗೆ, ಒಂದು ನನಗೆ."

ಜಾಕಿ ಬಗ್ಗಿ ಅವಳ ಚೀಲದ ಪಟ್ಟಿ ಸರಿಮಾಡಿದ.

ಭಾರ ಹತ್ತು ಕಿಲೋ ದಾಟಿದಾಗ ಒಂದು ವಿಚಿತ್ರ ತೊಡಕು ಬಂತು. ಹಮಾಲರನ್ನು ನೀವು ಗಮನಿಸಿ ನೋಡಿ. ಭಾರ ಮೈಮೇಲೆ ಬಿದ್ದರೆ ಅವರು ನಡೆಯುವುದಿಲ್ಲ. ಮೂಟೆ ಕುತ್ತಿಗೆಯನ್ನು ಒತ್ತುವ ಮೊದಲೇ ಗೋದಾಮು ಮುಟ್ಟಬೇಕೆಂದು ಸಣ್ಣಗೆ ಕುಪ್ಪಳಿಸುತ್ತಾ ಓಡುತ್ತಾರೆ. ಇಪ್ಪತ್ತೆರಡು ವರ್ಷದ ಅಭ್ಯಾಸ! ಜಾಕಿಯ ತಲೆ 'ನಡಿ' ಅನ್ನುತ್ತಿತ್ತು, ಕಾಲು 'ಗೋದಾಮು, ಗೋದಾಮು' ಎಂದು ಓಡುತ್ತಿತ್ತು. ಅದೂ ಸಾಲದೆಂದು ಎರಡನೇ ಸುತ್ತಿಗೆ ಚೀಲ ಬೆನ್ನಿಂದ ತಲೆಗೆ ಹತ್ತಿರುತ್ತಿತ್ತು.

"ಇಳಿಸು ಅಣ್ಣ!" ಪೋಸ್ಟಕ್ಕ ಕೂಗುತ್ತಿದ್ದಳು. "ತಲೆ ಮೇಲಿದ್ರೆ ಗುದ್ದಲಿ ಹಿಡಿಯೋಕೆ ಕೈ ಎಲ್ಲಿಂದ ತರ್ತೀಯಾ? ಸೊಂಟದ ಪಟ್ಟಿ ಬಿಗಿ ಮಾಡು. ಭಾರ ಸೊಂಟದ ಮೇಲೆ ಕೂರಬೇಕು!"

ಕಾಲಿನ ಓಟ ಬಿಡಿಸಲು ಉಪಾಯ ಕಂಡುಹಿಡಿದದ್ದು ಹೆಂಡತಿ. ತುಂಬಿ ತುಳುಕುವ ಒಂದು ಲೋಟ ನೀರನ್ನು ಗಂಡನ ಕೈಗೆ ಕೊಟ್ಟಳು. "ಇದನ್ನ ಚೆಲ್ಲದೆ ಒಂದು ಸುತ್ತು ಬನ್ನಿ." ಮೊದಲ ದಿನ ನೀರು ಅಂಗಿಯ ಮೇಲೆ. ಎರಡನೇ ದಿನ ಪ್ಯಾಂಟಿನ ಮೇಲೆ. ಮೈದಾನದ ಬದಿಯಲ್ಲಿ ಕೂತ ಮಕ್ಕಳಿಗೆ ದಿನಾ ಸರ್ಕಸ್ಸು. ಹತ್ತನೇ ದಿನ ಅರ್ಧ ಲೋಟ ಉಳಿಯಿತು. ಹದಿನೈದನೇ ದಿನ ಜಾಕಿ ಹನಿ ಚೆಲ್ಲದೆ ಸುತ್ತು ಮುಗಿಸಿ, ಲೋಟದ ನೀರನ್ನೆಲ್ಲ ಗಟಗಟ ಕುಡಿದು, "ನೋಡೇ!" ಎಂದು ಖಾಲಿ ಲೋಟ ಬೋರಲು ಹಿಡಿದು ತೋರಿಸಿದ.

ಪರೀಕ್ಷೆಯ ದಿನ ಬೆಳಿಗ್ಗೆ ಏಳು ಗಂಟೆ. ಮೈದಾನದಲ್ಲಿ ಜಾತ್ರೆಯಷ್ಟು ಜನ. ಸುಣ್ಣದ ಗೆರೆ, ಬಾವುಟ ಹಿಡಿದ ಅಧಿಕಾರಿಗಳು, ಬದಿಯಲ್ಲಿ ಆಂಬುಲೆನ್ಸು. ಡಾಕ್ಟರಮ್ಮ ಒಬ್ಬೊಬ್ಬರ ಬಿ.ಪಿ.ಯನ್ನೂ ಇನ್ನೊಮ್ಮೆ ನೋಡಿದರು. ಹದಿನೇಳು ಜನ ಸಾಲಾಗಿ ನಿಂತರು. ಚೀಲ ತಕ್ಕಡಿಗೆ ಹತ್ತಿ ಇಳಿಯಿತು. ಸೀಟಿ!

ಮೊದಲ ಆರು ಸುತ್ತು ಜಾಕಿ ಲೆಕ್ಕ ಹಾಕಿದಂತೆ ನಡೆದ. ಸುತ್ತಿಗೆ ಮೂರೂಮುಕ್ಕಾಲು ನಿಮಿಷ ಮೀರುವಂತಿಲ್ಲ. ಆಗ ಬೇಕರಿಯ ದಢೂತಿ ಹುಡುಗನೊಬ್ಬ ಪಕ್ಕದಿಂದ ಸರ್ರನೆ ಮುಂದೆ ಹೋದ. ಜಾಕಿಯ ಕಾಲಿಗೆ ತಡೆಯಲಾಗಲಿಲ್ಲ. ನಾಲ್ಕೇ ನಾಲ್ಕು ಹೆಜ್ಜೆ, ಕುಪ್ಪಳಿಸಿಬಿಟ್ಟ!

ಹಳದಿ ಬಾವುಟ ಮೇಲೆದ್ದಿತು. "ಎಚ್ಚರಿಕೆ! ಇನ್ನೊಂದು ಸಲ ಓಡಿದರೆ ಹೊರಗೆ!"

ಜಾಕಿ ಹೆದರಿ ತೀರಾ ನಿಧಾನವಾದ. ಎಂಟನೇ ಸುತ್ತು ತಡ, ಒಂಬತ್ತನೆಯದೂ ತಡ. ಹೆಂಡತಿ ಅವನನ್ನು ದಾಟಿಕೊಂಡು ಹೋದಳು. ಹೋಗುತ್ತಾ, "ಉಸಿರು ನೋಡ್ಕೊಳ್ಳಿ, ಬಾವುಟ ನೋಡಬೇಡಿ" ಅಂದಳು. ಜಾಕಿ ಹೆಜ್ಜೆ ಉದ್ದ ಮಾಡಿದ. ಹತ್ತು, ಹನ್ನೊಂದು. ನಲವತ್ತೊಂದೂವರೆ ನಿಮಿಷ! ಉಳಿದದ್ದು ಒಂದು ಸುತ್ತು, ಮೂರೂವರೆ ನಿಮಿಷ.

ಅವನು ಕೊನೇ ಸುತ್ತಿಗೆ ಕಾಲಿಟ್ಟು ಅರ್ಧ ನಿಮಿಷಕ್ಕೆ ಹೆಂಡತಿ ಗೆರೆ ದಾಟಿದಳು. ನಲವತ್ತೆರಡು ನಿಮಿಷ! ಜನ ಹೋ ಎಂದರು. ಅವಳು ಚೀಲ ಇಳಿಸಲೂ ಇಲ್ಲ, ತಿರುಗಿ ನಿಂತು ಕೂಗಿದಳು, "ನಡೀರಿ! ನಡೀರಿ!"

ಆಗಲೇ ಜನರನ್ನು ನೂಕಿಕೊಂಡು ರೇಡಿಯೋ ಅಜ್ಜಿ ಮುಂದೆ ಬಂದಳು. ನಿಯಮ ಗಿಯಮ ಆಕೆಗೆ ಯಾರು ಹೇಳಿದ್ದರು? ಮಗ ಹಿಂದೆ ಬಿದ್ದಿದ್ದಾನೆ, ಅಷ್ಟೇ ಕಂಡದ್ದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೈದಾನವೇ ಅದುರುವಂತೆ ಕೂಗಿದಳು.

"ಓಡೋ! ಓಡೋ ಮಗನೇ! ಕಾಲಿಗೇನಾಗಿದೆ ನಿಂಗೆ, ಓಡೋ!"

"ಓಡಬೇಡ್ರೀ!" ಇತ್ತ ಹೆಂಡತಿ.

"ಯಾರೇ ಅದು ಬೇಡ ಅನ್ನೋಳು? ಓಡೋ!"

"ಅತ್ತೇ, ಸುಮ್ನಿರಿ! ಓಡಿದ್ರೆ ಹೊರಗೆ ಹಾಕ್ತಾರೆ! ನಡೀರೀ!"

ಅತ್ತ ದರಿ ಇತ್ತ ಪುಲಿ. ಜಾಕಿಯ ತೊಡೆ ಉರಿಯುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಇನ್ನೂರು ಮೀಟರು, ನೂರು ಮೀಟರು. ಕಾಲು ಮತ್ತೆ 'ಗೋದಾಮು' ಅಂದಿತು. ಕಿವಿಯಲ್ಲಿ ಹೆತ್ತ ತಾಯಿಯ ಕೂಗು. ಅವನು ಹಲ್ಲು ಕಚ್ಚಿ ಹಿಮ್ಮಡಿಯನ್ನು ನೆಲಕ್ಕೆ ಒತ್ತಿದ. ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಮೊದಲ ಸಲ ಅಮ್ಮನ ಮಾತು ಬಿಟ್ಟು ಹೆಂಡತಿಯ ಮಾತು ಕೇಳಿದ!

ಗೆರೆ ದಾಟಿದಾಗ ಗಡಿಯಾರ ನಲವತ್ತನಾಲ್ಕು ನಿಮಿಷ ನಲವತ್ತೆಂಟು ಸೆಕೆಂಡು ತೋರಿಸುತ್ತಿತ್ತು.

ಪೋಸ್ಟಕ್ಕ ಟೋಪಿ ಮೇಲಕ್ಕೆ ಎಸೆದಳು. ಹದಿನೇಳು ಜನರಲ್ಲಿ ಓಡದೆ, ಹೊತ್ತು ಮೀರದೆ ಮುಗಿಸಿದವರು ಮೂರೇ ಜನ. ಬೇಕರಿ ಹುಡುಗ ಬಂದು ತಬ್ಬಿಕೊಂಡ, ಮೂರನೇ ಜಾಗ ಅವನದೇ ಆಗಿತ್ತು. ಜಾಕಿ ನಗುತ್ತಿದ್ದನೋ ಅಳುತ್ತಿದ್ದನೋ, ಬೆವರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. "ಕೂರಬೇಡಿ, ನಿಧಾನಕ್ಕೆ ಓಡಾಡಿ, ನೀರು ಕುಡೀರಿ" ಎಂದು ಡಾಕ್ಟರಮ್ಮ ಗದರಿದರು.

ಅಜ್ಜಿಗೆ ಮಾತ್ರ ಸಮಾಧಾನವಿಲ್ಲ. "ಇದ್ಯಾವ ಪಂದ್ಯ ಕಣೇ, ಓಡದೆ ಗೆಲ್ಲೋದು? ಬೆಂಕಿ ಬಿದ್ದಾಗ ಮೆರವಣಿಗೆ ಥರ ನಡೀತಾರಾ?"

"ಅಜ್ಜಿ" ಅಂದಳು ಪೋಸ್ಟಕ್ಕ, "ಗುಡ್ಡ ಹತ್ತೋದು ಕೆಲಸ ಅಲ್ಲ. ಹತ್ತಿದ ಮೇಲೆ ಕೆಲಸ ಶುರು. ಎಂಟು ಹತ್ತು ಗಂಟೆ ಹುಲ್ಲು ಸವರಿ, ಮಣ್ಣು ಕಾಣೋವರೆಗೂ ನೆಲ ಕೆರೆದು ಬೆಂಕಿ ರೇಖೆ ಮಾಡಬೇಕು, ಬೆಂಕಿಗೆ ತಿನ್ನೋಕೆ ಏನೂ ಸಿಗದ ಹಾಗೆ. ಓಡಿ ಹತ್ತಿದವರು ಮೇಲೆ ಹೋಗಿ ಏದುಸಿರು ಬಿಡ್ತಾ ಕೂರ್ತಾರೆ. ಇನ್ನೊಂದು ಮಾತು. ಗಾಳಿ ಯಾವಾಗ ತಿರುಗುತ್ತೋ ಯಾರಿಗೂ ಗೊತ್ತಿಲ್ಲ. ತಿರುಗಿದ್ರೆ ಜೀವ ಉಳಿಸ್ಕೊಂಡು ಬೇಗ ಇಳೀಬೇಕು. ಆ ಒಂದು ಓಟಕ್ಕೆ ಉಸಿರು ಮಿಕ್ಕಿರಬೇಕಲ್ವಾ?"

ಅಜ್ಜಿ ಮಗನ ಮುಖ ನೋಡಿದಳು. ಹೋದ ವರ್ಷ ಆ ಮುಖ ಬಿಳುಚಿಕೊಂಡು ಮನೆಗೆ ಬಂದದ್ದು ಆಕೆಗೆ ನೆನಪಿಲ್ಲದೆ ಇರುತ್ತದೆಯೇ? ಇವತ್ತು ಕೆಂಪಗೆ ಹೊಳೆಯುತ್ತಿತ್ತು.

"ಹಾಗಾದ್ರೆ ಇನ್ನು ಪರೀಕ್ಷೆ ಮುಗೀತು ತಾನೆ? ಸಾರಿಗೆ ಉಪ್ಪು ಹಾಕಬಹುದಾ?"

"ಇಲ್ಲಜ್ಜಿ. ಈ ಪಾಸು ಒಂದೇ ವರ್ಷಕ್ಕೆ. ಪ್ರತಿ ವರ್ಷ ಡಾಕ್ಟರ ಹತ್ತಿರ ಹೋಗಬೇಕು, ಮತ್ತೆ ಹನ್ನೆರಡು ಸುತ್ತು ನಡೀಬೇಕು. ಈಗ ನಾಳೆಯಿಂದ ತರಬೇತಿ. ಗಾಳಿ ಓದೋದು, ಹೊಗೆ ಓದೋದು, ಒಬ್ಬರನ್ನ ಕಾವಲಿಗೆ ನಿಲ್ಲಿಸೋದು, ತಪ್ಪಿಸ್ಕೊಳ್ಳೋ ದಾರಿ ಮೊದಲು ನೋಡ್ಕೊಂಡು ಆಮೇಲೆ ಕೆಲಸ ಶುರು ಮಾಡೋದು. ಬಾಯಾರೋ ಮೊದಲೇ ನೀರು ಕುಡಿಯೋದು. ಮೈಗೆ ಹತ್ತಿ ಬಟ್ಟೆ, ನೈಲಾನು ಕರಗಿ ಚರ್ಮಕ್ಕೆ ಅಂಟುತ್ತೆ. ಮುಖ್ಯವಾಗಿ, ತಲೆ ಸುತ್ತಿದ್ರೆ ಮುಚ್ಚಿಡದೆ ಪಕ್ಕದವರಿಗೆ ಹೇಳೋದು."

"ಹೇಳ್ತೀನಿ" ಅಂದ ಜಾಕಿ. ಯಾರೂ ಅವನನ್ನು ಕೇಳಿರಲಿಲ್ಲ, ಆದರೂ ಗಟ್ಟಿಯಾಗಿ ಇನ್ನೊಮ್ಮೆ ಅಂದ. "ಹೇಳೇ ಹೇಳ್ತೀನಿ."

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಬೂಟಿನ ಲಾಡಿ ಕಟ್ಟಿಕೊಂಡು ಹೊರಟರು. ಇಸ್ತ್ರಿ ಅಂಗಡಿ ಮುಂದೆ ಬಟ್ಟೆ ಗಂಟು ಹಿಡಿದು ಬಂದವರಿಗೆ ಅಜ್ಜಿಯೇ ಉತ್ತರ ಹೇಳಿದಳು. "ಸಂಜೆ ಬನ್ನಿ. ನನ್ನ ಸೊಸೆ ತರಬೇತಿಗೆ ಹೋಗಿದಾಳೆ. ಅದ್ಸರಿ, ನಿಮ್ಮನೆ ಅಳಿಯ ಮೂರು ಸುತ್ತು ಮಾತಾಡ್ಕೊಂಡು ನಡೀತಾನಾ? ಬಿ.ಪಿ. ತೋರಿಸಿದಾನಾ? ಇನ್ನೂ ಇಲ್ವಾ? ಮತ್ತೆ ಗುಡ್ಡಕ್ಕೆ ಬೆಂಕಿ ಬಿದ್ದಾಗ ಮಾತ್ರ ಬಕೆಟ್ಟು ಹಿಡ್ಕೊಂಡು ಓಡಿಬರ್ತಾನೆ!"

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಅಜ್ಜಿ ಕೇಳಿದ್ದು ನಿಮ್ಮನ್ನೂ ಹೌದು. ನಿಮ್ಮೂರಿನ ಹಿಂದೆಯೂ ಒಂದು ಗುಡ್ಡ ಇರಬಹುದು, ಕಾಡಿನ ಅಂಚು ಇರಬಹುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಎಷ್ಟು ಜಾಣತನವೋ, ಹೊಗೆ ಕಂಡಾಗ ಮೈ ಗಟ್ಟಿ ಮಾಡಿಕೊಳ್ಳಲು ಹೊರಡುವುದೂ ಅಷ್ಟೇ ಜಾಣತನ. ತರಬೇತಿ ಇಲ್ಲದೆ ಬೆಂಕಿಯ ಹತ್ತಿರ ಹೋಗಬೇಡಿ. ದೂರ ನಿಂತು ಫೋನು ಮಾಡಿ, ಮಕ್ಕಳನ್ನೂ ಮುದುಕರನ್ನೂ ಕೆಳಗಿಳಿಸಿ, ಅದೂ ದೊಡ್ಡ ಕೆಲಸವೇ. ಮುಂದೆ ನಿಂತು ಬೆಂಕಿ ತಡೆಯುವ ಮನಸ್ಸಿದ್ದರೆ ನಿಮ್ಮ ಊರಿನ ತಂಡದಲ್ಲಿ ಹೆಸರು ಬರೆಸಿ. ಅರ್ಜಿಯಲ್ಲಿ ಸುಳ್ಳು ಬರೆಯಬೇಡಿ. ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ, ಅವರು ಒಪ್ಪಿದ ಮೇಲೆ ಖಾಲಿ ಚೀಲದಿಂದ ಶುರುಮಾಡಿ. ಗಂಡಸರಾಗಲಿ ಹೆಂಗಸರಾಗಲಿ, ಸಣಕಲಾಗಲಿ ಜಟ್ಟಿಯಾಗಲಿ, ನಡೆದು ನಡೆದೇ ಈ ಶಕ್ತಿ ಬರುವುದು.

ಬೇಸಿಗೆಗೆ ಇನ್ನೂ ಸಮಯವಿದೆ. ನಾಳೆ ಬೆಳಿಗ್ಗೆ ಎದ್ದು, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು, ಒಂದೇ ಒಂದು ಸುತ್ತು ನಡೆದು ಬನ್ನಿ.